ಉಡಚಪ್ಪ ಮಿಸ್ತ್ರಿ ಬಾಯಿ ಬಿಡದ ದಿನ

ಹುಬ್ಬಳ್ಳಿಯ ಗಬ್ಬೂರ ಕ್ರಾಸಿಗೆ ಬೈಪಾಸ್ ರಸ್ತೆ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಉಡಚಪ್ಪ ಕಮ್ಮಾರನ ತಗಡಿನ ಶೆಡ್ಡು ಇತ್ತು. ಅದಕ್ಕೊಂದು ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅಮರಗೋಳ ಮಾರ್ಕೆಟ್ಟಿನ ಯಾವ ದಲಾಲನನ್ನು ಕೇಳಿದರೂ "ಗಾಡಿ ಕೆಟ್ಟೈತೇನು? ಉಡಚಪ್ಪನ ಕಡೆ ಒಯ್ಯಿ" ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ಅವನ ಅಪ್ಪ ಕುಲುಮೆ ಊದಿ ಚಕ್ಕಡಿ ಗಾಲಿಗೆ ಹಳಿ ಕೂಡಿಸುತ್ತಿದ್ದವನು. ಚಕ್ಕಡಿ ಹೋಗಿ ಜೀಪು ಟೆಂಪೊ ಬಂದವು, ಮಗ ಇಕ್ಕಳ ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದ. ಆದರೆ ಕಬ್ಬಿಣ ನೋಡುವ ಕಣ್ಣು ಮಾತ್ರ ಅಪ್ಪನದೇ. ಮುರಿದ ತುಂಡನ್ನು ಬಿಸಿಲಿಗೆ ಹಿಡಿದು, ಇದು ಸವೆದು ಮುರಿದದ್ದೋ ಪೆಟ್ಟು ತಿಂದು ಮುರಿದದ್ದೋ, ಒಂದೇ ದಿನಕ್ಕೆ ಹೋದದ್ದೋ ತಿಂಗಳುಗಟ್ಟಲೆ ಒಳಗೊಳಗೇ ಬಿರಿದದ್ದೋ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾದದ್ದನ್ನು ಹುಬ್ಬಳ್ಳಿಯಲ್ಲಿ ಕಂಡವರಿಲ್ಲ.

ಗಾಡಿ ಕೆಟ್ಟಾಗ ಮಾಲೀಕರೆಲ್ಲ ಆಡುವ ಮೊದಲ ಮಾತು ಒಂದೇ: ಡ್ರೈವರ್ ಹಾಳು ಮಾಡಿದ. ಆದ್ದರಿಂದ ಉಡಚಪ್ಪನ ಶೆಡ್ಡು ರಿಪೇರಿಯ ಜಾಗ ಎಷ್ಟೋ ಅಷ್ಟೇ ನ್ಯಾಯದ ಕಟ್ಟೆಯೂ ಆಗಿತ್ತು. ಅಲ್ಲಿ ಒಂದು ರೂಢಿ ಇತ್ತು. ತಪ್ಪು ಡ್ರೈವರನದಲ್ಲದಿದ್ದರೆ ಉಡಚಪ್ಪ ಮಾಲೀಕನ ಎದುರಿಗೇ ಅವನನ್ನು ಹೆಸರು ಹಿಡಿದು ಕರೆದು, ಮುರಿದ ತುಂಡನ್ನು ಕೈಗೆ ಕೊಟ್ಟು, "ತಗೋಪಾ, ಇದು ನಿಂದಲ್ಲ" ಎನ್ನುತ್ತಿದ್ದ. ತಪ್ಪು ಅವನದೇ ಆಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ತುಂಡನ್ನು ಮೂಲೆಯ ಗುಜರಿ ಡ್ರಮ್ಮಿಗೆ ಒಗೆದು ತನ್ನ ಕೆಲಸಕ್ಕೆ ಹತ್ತುತ್ತಿದ್ದ. ನಾಲ್ಕು ಮಂದಿಯ ಮುಂದೆ ಬಡವನ ಮಾನ ಯಾಕೆ ಕಳೆಯಬೇಕು ಎಂಬುದು ಅವನ ವಿಚಾರ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ರೂಢಿಯೇ ಅದು. ಆದರೆ ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದೆಲ್ಲ ಒಳ್ಳೆಯದನ್ನೇ ಮಾಡುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಎರಡು ಸಾವಿರದ ಒಂದರ ಚಳಿಗಾಲ. ಮಾರ್ಕೆಟ್ಟಿಗೆ ಹತ್ತಿ ಬರುವ ದಿನಗಳು. ಹತ್ತಿ ದಲಾಲ ನೀಲಕಂಠಪ್ಪನ, ಬೇಕೆಂದಾಗ ನಾಲ್ಕೂ ಗಾಲಿ ಎಳೆಯುವ ಫೋರ್ ವೀಲ್ ಜೀಪನ್ನು ಡ್ರೈವರ್ ಹೊಳೆಯಪ್ಪ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಹೊಳೆಯಪ್ಪ ಆ ಮನೆಯಲ್ಲಿ ಹನ್ನೊಂದು ವರ್ಷ ದುಡಿದವನು. ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಕ್ಲಚ್ ಬಿಡುತ್ತಾನೆಂದು ಉಳಿದ ಡ್ರೈವರುಗಳು ಅವನನ್ನು ಚಾಷ್ಟಿ ಮಾಡಿ ನಗುತ್ತಿದ್ದರು. ಅವತ್ತು ಅವನ ಮುಖ ಬಿಳಿಚಿಕೊಂಡಿತ್ತು.

"ಮಿಸ್ತ್ರಿ, ಮಾರ್ಕೆಟ್ಟಿನ್ಯಾಗ ಗಾಡಿ ಎತ್ತಿದ್ನಿ, ಹಿಂದ ಠಣ್ ಅಂತರಿ. ಎಂಜಿನ್ ಚಾಲೂ ಐತಿ, ಗೇರ್ ಬೀಳತೈತಿ, ಗಾಡಿ ಮಾತ್ರ ಮುಂದ ಹೋಗವಲ್ದು. ಕಡೀಕ ಫೋರ್ ವೀಲ್ ಹಾಕಿ, ಮುಂದಿನ ಗಾಲಿ ಮ್ಯಾಲ ಎಳಕೊಂಡ್ ಬಂದೇನ್ರಿ."

"ಲೋಡ್ ಇತ್ತೇನು?"

"ಎರಡ ಅಂಡಿಗಿ ಹತ್ತಿ. ಅಷ್ಟ."

ಎರಡು ಅಂಡಿಗೆ, ಅಂದರೆ ಎರಡು ಮೂಟೆ ಹತ್ತಿಗೆ ಎಕ್ಸೆಲ್ ಮುರಿಯುವುದಿಲ್ಲ. ಉಡಚಪ್ಪ ಹೊಳೆಯಪ್ಪನನ್ನು ಮನೆಗೆ ಕಳಿಸಿ ಜೀಪನ್ನು ನಾಲ್ಕೂ ಕಡೆ ಜಾಕಿಯ ಮೇಲೆ ಎತ್ತಿದ. ಮೊದಲು ಹಿಂದಿನ ಎಕ್ಸೆಲ್ ಕೂತ ಹೌಸಿಂಗಿನ ಎಣ್ಣೆಯನ್ನು ಹಳೆಯ ಧೋತರದ ಬಿಳಿ ತುಂಡಿನ ಮೇಲೆ ಸೋಸಿದ. ಬಟ್ಟೆಯ ಮೇಲೆ ಕಬ್ಬಿಣದ ಹೊಟ್ಟು ಉಳಿಯಿತು, ಅದರ ನಡುವೆ ಉಗುರಿನಷ್ಟಗಲದ ಎರಡು ಚಕ್ಕೆ. ಆಮೇಲೆ ಗಿಯರ್ ಹಾಕಿಟ್ಟು, ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದ. ಒಂದು ಕೂದಲೆಳೆಯಷ್ಟು ಆಡಬೇಕಾದದ್ದು ಎರಡು ಬೆರಳು ಆಡಿತು. ಕೊನೆಗೆ ಹಿಂದಿನ ಎಕ್ಸೆಲ್ ಎಳೆದು ಬಿಸಿಲಿಗೆ ಹಿಡಿದ.

ಮುರಿದ ಮುಖದಲ್ಲಿ ಅರ್ಧ ಭಾಗ ಒಡೆದ ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು. ಅದು ಇವತ್ತು ಮುರಿದದ್ದು. ಉಳಿದರ್ಧ ಎಣ್ಣೆ ಕುಡಿದು ಕಪ್ಪಗಾಗಿತ್ತು. ಆ ಕಪ್ಪಿನೊಳಗೆ ಒಂದರ ಹಿಂದೆ ಒಂದು ಸಣ್ಣ ಗೆರೆ, ಒಂದೊಂದು ಪೆಟ್ಟಿಗೆ ಬಿರುಕು ಒಂದೊಂದಿಷ್ಟು ಮುಂದೆ ಹೋದದ್ದರ ಗುರುತು. ಅಂದರೆ ಎಕ್ಸೆಲ್ ಮಳೆಗಾಲದಿಂದಲೇ ಸಾಯುತ್ತ ಬಂದಿತ್ತು, ಇವತ್ತು ಪ್ರಾಣ ಬಿಟ್ಟಿತ್ತು. ತುದಿಯ ಹಲ್ಲುಗಳು ಸವೆದಿರಲಿಲ್ಲ, ಹಿಂಡಿದ ಬಟ್ಟೆಯ ಹಾಗೆ ಒಂದೇ ಕಡೆಗೆ ತಿರುಚಿಕೊಂಡಿದ್ದವು. ಹಾಗೇ ಬಿಡದೆ ಮುಂದಿನ ಎಕ್ಸೆಲ್ಲನ್ನೂ ಎಳೆದ. ಅದೂ ತಿರುಚಿತ್ತು.

ಉಡಚಪ್ಪ ಕುಂತು ಬೀಡಿ ಹಚ್ಚಿದ. ಹಿಂದಿನದೂ ಮುಂದಿನದೂ ತಿರುಚಬೇಕಾದರೆ ನಾಲ್ಕೂ ಗಾಲಿಗೆ ಒಂದೇ ಸಲ ಎಂಜಿನ್ನಿನ ಪೂರಾ ಪೆಟ್ಟು ಬಿದ್ದಿರಬೇಕು. ಹೊಳೆಯಪ್ಪ ಫೋರ್ ವೀಲ್ ಹಾಕುತ್ತಿದ್ದದ್ದು ಮಳೆಗಾಲದಲ್ಲಿ, ಎರಿಭೂಮಿಯ ಕೆಸರಿನಲ್ಲಿ ಮಾತ್ರ. ಕೆಸರಿನಲ್ಲಿ ಗಾಲಿ ಜಾರಿಕೊಳ್ಳುತ್ತದೆ, ಶಾಫ್ಟಿಗೆ ಪೆಟ್ಟು ತಾಗುವುದಿಲ್ಲ. ಒಣ ಡಾಂಬರಿನಲ್ಲಿ ಗಾಲಿ ನೆಲ ಕಚ್ಚಿ ಹಿಡಿಯುತ್ತದೆ. ಅಲ್ಲಿ ನಿಂತ ಗಾಡಿಯ ಎಂಜಿನ್ನನ್ನು ಒದರಿಸಿ ಒಮ್ಮೆಲೇ ಕ್ಲಚ್ ಬಿಟ್ಟರೆ ಆ ಪೆಟ್ಟನ್ನು ಕಬ್ಬಿಣವೇ ತಿನ್ನಬೇಕು. ಇಷ್ಟು ಹೊಳೆದ ಮೇಲೆ ಉಡಚಪ್ಪ ಎದ್ದು ಬೈಪಾಸಿನ ಕಡೆ ನಡೆದ. ಅಲ್ಲಿ ರವಿವಾರ ಮುಂಜಾನೆ ದೊಡ್ಡವರ ಮನೆಯ ಹುಡುಗರು ಪೈಜಿ ಕಟ್ಟಿ, ದುಡ್ಡಿನ ಪಂದ್ಯಕ್ಕೆ ಗಾಡಿ ಓಡಿಸುವುದು ಅವನಿಗೆ ಗೊತ್ತಿತ್ತು. ಮೈಲಿಗಲ್ಲಿನ ಹತ್ತಿರ ಟಾಯರು ಉಜ್ಜಿದ ಕರಿ ಗೆರೆಗಳಿದ್ದವು. ಬರೇ ಹಿಂದಿನ ಗಾಲಿ ಎಳೆಯುವ ಗಾಡಿಯದಾಗಿದ್ದರೆ ಎರಡೇ ಗೆರೆ ಶುರುವಾಗಬೇಕಿತ್ತು. ಇಲ್ಲಿ ಹಿಂದೆರಡು, ಮುಂದೆರಡು. ನಡುವಿನ ಅಂತರವನ್ನು ಹೆಜ್ಜೆ ಇಟ್ಟು ಅಳೆದ. ಆ ಜೀಪಿನ ಅಳತೆಯೇ. ನೀಲಕಂಠಪ್ಪನ ಮಗ ಕುಮಾರಸ್ವಾಮಿ ಧಾರವಾಡದ ಕಾಲೇಜು ಮುಗಿಸಿ ಬಂದು ಮೇ ತಿಂಗಳಿಂದ ಮನೆಯಲ್ಲೇ ಇದ್ದ. ರವಿವಾರ ಹೊಳೆಯಪ್ಪನಿಗೆ ಸೂಟಿ.

ಇಂಥ ಸಿಕ್ಕು ಬಿಡಿಸಿದಾಗ ಉಡಚಪ್ಪನಿಗೆ ಒಳಗೊಳಗೇ ಒಂದು ಜಂಬ ಬರುತ್ತಿತ್ತು. ಅವತ್ತೂ ಬಂತು. ನಾಳೆ ಹೊಳೆಯಪ್ಪನ ಕೈಗೆ ಆ ತುಂಡು ಕೊಡುವುದನ್ನು ನೆನೆಸಿಕೊಂಡು ಹಿಗ್ಗುತ್ತ ಮನೆಗೆ ಹೋದ.

ಮರುದಿನ ಮುಂಜಾನೆ ನೀಲಕಂಠಪ್ಪ ಒಬ್ಬನೇ, ಹೇಳಿದ್ದಕ್ಕಿಂತ ಒಂದು ತಾಸು ಮೊದಲೇ ಬಂದ. ಹಣೆ ತುಂಬ ವಿಭೂತಿ, ಮೈಮೇಲೆ ಇಸ್ತ್ರಿ ಮುರಿಯದ ಅಂಗಿ. ಉಡಚಪ್ಪ ಎರಡೂ ಎಕ್ಸೆಲ್ ತೋರಿಸಿ, ಕಪ್ಪು ಯಾವುದು, ಬಿಳುಪು ಯಾವುದು, ಬೈಪಾಸಿನ ಗೆರೆ ಎಷ್ಟು, ಎಲ್ಲ ಹೇಳಿದ. ಸಾವುಕಾರ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡ. ಮುರಿದ ಜಾಗವನ್ನು ಬೆರಳಿನಿಂದ ಸವರಿದ.

"ಇದನ್ನ ಮತ್ತ ಯಾರಿಗರೆ ತೋರಿಸಿಯೇನು?"

"ಇಲ್ರಿ ಸಾವ್ಕಾರ್ರ."

"ಹುಡುಗಂದು ಬರೂ ಸೋಮವಾರ ನಿಶ್ಚಯ ಐತಿ. ಗದಗಿನ ಕಡೆ ದೊಡ್ಡ ಮನಿತನ. ಹುಡುಗ ರಸ್ತೆದಾಗ ಪೈಜಿ ಕಟ್ಟಿ ಗಾಡಿ ಹಾರಸ್ತಾನ ಅಂತ ಒಂದ್ ಮಾತು ಅವ್ರ ಕಿವಿಗೆ ಬಿತ್ತಂದ್ರ ಮುಗೀತು."

"ಅದಕ್ಕ ಹೊಳೆಯಪ್ಪ ಏನ್ ಮಾಡ್ಯಾನ್ರಿ?"

"ಏನೂ ಮಾಡಿಲ್ಲ. ಅದು ನನಗ ನಿನ್ನೇನ ಗೊತ್ತಾಗೇತಿ." ನೀಲಕಂಠಪ್ಪ ಎಕ್ಸೆಲ್ ಕೆಳಗಿಟ್ಟು ಕೈ ಒರೆಸಿಕೊಂಡ. "ಡ್ರೈವರಗ ಇನ್ನೊಂದು ಮನಿ ಸಿಗತೈತಿ ಉಡಚಪ್ಪಾ. ನನಗ ಇನ್ನೊಬ್ಬ ಮಗ ಸಿಗೂದಿಲ್ಲ. ಸುಳ್ಳ ಹೇಳು ಅಂತ ನಾ ನಿನಗ ಹೇಳಾಂಗಿಲ್ಲ. ನೀ ಸುಮ್ನಿದ್ರ ಸಾಕು."

ಸಾವುಕಾರ ತಲೆ ಎತ್ತಿ ತಗಡಿನ ಚಾವಣಿ ನೋಡಿದ. "ನೀ ಈ ಜಾಗಾಕ್ಕ ಬಂದು ಎಷ್ಟ ವರ್ಷಾತು?"

"ಹತ್ತೊಂಬತ್ರಿ."

"ಹತ್ತೊಂಬತ್ತು," ಎಂದ ನೀಲಕಂಠಪ್ಪ. ಆ ಜಾಗ ಅವನದು. ಅಷ್ಟೂ ವರ್ಷ ಬಿಡು ಎಂದವನೂ ಅಲ್ಲ, ಬಾಡಿಗೆ ಕೊಡು ಎಂದವನೂ ಅಲ್ಲ. ಅವತ್ತೂ ಮತ್ತೇನೂ ಅನ್ನಲಿಲ್ಲ.

ಉಡಚಪ್ಪ ಹೆದರಿದ. ಅದನ್ನು ಬೇರೆ ಮಾತಿನಲ್ಲಿ ಹೇಳುವುದರಲ್ಲಿ ಅರ್ಥವಿಲ್ಲ. ಐವತ್ತರ ಮೇಲೆ ಮತ್ತೊಂದು ಕಡೆ ನಾಲ್ಕು ತಗಡು ಹೊದಿಸಿ ಕೂಡುವುದು ಅವನಿಂದ ಆಗುವ ಮಾತಾಗಿರಲಿಲ್ಲ. ತಾನೇನು ಸುಳ್ಳು ಹೇಳುತ್ತಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಇಂಥ ಹೊತ್ತಿನಲ್ಲಿ ವಕೀಲರಿಗಿಂತ ಚುರುಕಾಗಿರುತ್ತದೆ.

ಒಂದು ತಾಸಿನ ಮೇಲೆ ಹೊಳೆಯಪ್ಪ ಬಂದ. ಮಾರ್ಕೆಟ್ಟಿನ ಇಬ್ಬರು ದಲಾಲರೂ, ತಮ್ಮ ಗಾಡಿ ತಂದ ನಾಲ್ಕಾರು ಡ್ರೈವರುಗಳೂ ಅಲ್ಲಿದ್ದರು. ನೀಲಕಂಠಪ್ಪ ಮೆತ್ತಗೇ ಕೇಳಿದ: "ಯಾರ ಕೈಯಾಗ ಮುರೀತಪಾ?"

"ನನ್ನ ಕೈಯಾಗರಿ," ಎಂದ ಹೊಳೆಯಪ್ಪ. ಆ ಮಾತು ಖರೆಯೇ. ಅವನಿಗೆ ಖರೆ ಬಿಟ್ಟು ಬೇರೆ ಏನಾದರೂ ಹೇಳಲು ಬರುತ್ತಿದ್ದರೆ ಅವನ ಬಾಳು ಬೇರೆ ಆಗುತ್ತಿತ್ತು. ಆಮೇಲೆ ಉಡಚಪ್ಪನ ಕಡೆ ತಿರುಗಿದ. "ಮಿಸ್ತ್ರಿ, ನನ್ನಿಂದ ಏನರೆ ತಪ್ಪಾಗೇತೇನ್ರಿ? ನೀವ ನೋಡೀರಿ. ಹೇಳ್ರಿ."

ಎಲ್ಲರೂ ಉಡಚಪ್ಪನನ್ನು ನೋಡಿದರು. ಎಕ್ಸೆಲ್ಲಿನ ತುಂಡು ಅವನ ಕೈಯಲ್ಲೇ ಇತ್ತು. ಅವನು ಅದನ್ನು ಒಯ್ದು ಗುಜರಿ ಡ್ರಮ್ಮಿಗೆ ಒಗೆದ. ತಿರುಗಿ ಬಂದು ಜೀಪಿನ ಕೆಳಗೆ ತೂರಿಕೊಂಡು, ಬಿಗಿಯಾಗಿಯೇ ಇದ್ದ ಒಂದು ನಟ್ಟನ್ನು ಮತ್ತೆ ಬಿಗಿಯತೊಡಗಿದ. ಅಲ್ಲಿಂದ ಹೊಳೆಯಪ್ಪನ ಕಾಲುಗಳಷ್ಟೇ ಕಾಣುತ್ತಿದ್ದವು. ಅವು ಸ್ವಲ್ಪ ಹೊತ್ತು ನಿಂತವು, ಆಮೇಲೆ ಹೋದವು.

ಸಾವುಕಾರ ಬೈಯಲಿಲ್ಲ, ಬಡಿಯಲಿಲ್ಲ, ಕೆಲಸ ಬಿಡಿಸಿದ ಅಷ್ಟೇ. ಮುಂದಿನದನ್ನು ಮಾರ್ಕೆಟ್ಟು ನೋಡಿಕೊಂಡಿತು. ಉಡಚಪ್ಪ ತುಂಡನ್ನು ಡ್ರಮ್ಮಿಗೆ ಒಗೆದನಂತೆ ಎಂಬ ಸುದ್ದಿ ಸಂಜೆಯೊಳಗೆ ಅಂಗಡಿ ಅಂಗಡಿ ಸುತ್ತಿತು. ಡ್ರೈವರನಿಗೆ ಇನ್ನೊಂದು ಮನೆ ಸಿಗುತ್ತದೆ ಎಂದಿದ್ದ ನೀಲಕಂಠಪ್ಪನ ಮಾತು ನೀರ ಮೇಲಿನ ಬರಹವಾಯಿತು. ಹೊಳೆಯಪ್ಪ ಒಂದೆರಡು ವರ್ಷ ಅದೇ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದ. ನಡು ಹಿಡಿದ ಮೇಲೆ ಒಂದು ಗೋದಾಮಿನ ಬಾಗಿಲು ಕಾಯಲು ಕುಂತ. ಕುಮಾರಸ್ವಾಮಿಯ ಮದುವೆ ಸಡಗರದಿಂದ ಆಯಿತು. ಉಡಚಪ್ಪನಿಗೂ ಕರೆ ಬಂದಿತ್ತು. ಹೋಗಿ ಉಂಡು ಬಂದ.

ಅಲ್ಲಿಂದಾಚೆ ಉಡಚಪ್ಪ ಯಾರ ಕೈಗೂ ತುಂಡು ಕೊಡಲಿಲ್ಲ. ಕೊಡಲು ಹೋದರೆ ಕೈ ಬರುತ್ತಿರಲಿಲ್ಲ. ಕೇಳಿದವರಿಗೆ "ಕಬ್ಬಿಣ ಐತಿ, ಮುರೀತೈತಿ" ಎಂದುಬಿಡುತ್ತಿದ್ದ. ಎಷ್ಟೋ ಸಲ ಗೋಪನಕೊಪ್ಪಕ್ಕೆ, ಹೊಳೆಯಪ್ಪನ ಮನೆಗೆ ಹೋಗಬೇಕೆಂದು ಹೊರಟು ಅರ್ಧ ದಾರಿಗೆ ತಿರುಗಿ ಬಂದ. ಎರಡು ಸಾವಿರದ ಎಂಟರಲ್ಲಿ ನೀಲಕಂಠಪ್ಪ ತೀರಿಕೊಂಡ. ಮಗ ಜಾಗ ಮಾರಿದ, ಶೆಡ್ಡು ಬಿಚ್ಚಬೇಕಾಯಿತು. ಯಾವುದನ್ನು ಉಳಿಸಿಕೊಳ್ಳಲು ಉಡಚಪ್ಪ ಬಾಯಿ ಮುಚ್ಚಿದ್ದನೋ ಅದೂ ಹೋಯಿತು. ಅಂಜಿಕೆ ಹೋದ ಮೇಲೆ ಧೈರ್ಯ ಬರುವುದೇನು ದೊಡ್ಡ ಮಾತಲ್ಲ. ಆ ಧೈರ್ಯ ಕಟ್ಟಿಕೊಂಡು ಒಂದು ಮುಂಜಾನೆ ಅವನು ಗೋಪನಕೊಪ್ಪಕ್ಕೆ ಹೋದ.

ಹೊಳೆಯಪ್ಪ ಕಟ್ಟೆಯ ಮೇಲೆ ಕುಂತಿದ್ದ. ತಲೆ ಪೂರಾ ನೆರೆತಿತ್ತು. ಉಡಚಪ್ಪನನ್ನು ಕಂಡು ಎದ್ದು ನಿಂತು ಕೈ ಮುಗಿದ. "ಬರ್ರಿ ಮಿಸ್ತ್ರಿ, ಬರ್ರಿ," ಎಂದು ಚಾಪೆ ಹಾಸಿದ. ಹೆಂಡತಿ ಫಕೀರವ್ವ ಚಹಾಕ್ಕೆ ಇಟ್ಟಳು.

ಉಡಚಪ್ಪ ಸುತ್ತು ಬಳಸದೆ ಹೇಳಿದ. ಕಪ್ಪು ಅರ್ಧ, ಬಿಳಿ ಅರ್ಧ, ಬೈಪಾಸಿನ ನಾಲ್ಕು ಗೆರೆ, ಸಾವುಕಾರ ಒಂದು ತಾಸು ಮೊದಲೇ ಬಂದದ್ದು, ತಾನು ಅಂಜಿದ್ದು. "ತಪ್ಪ ನಿಂದಲ್ಲಪಾ. ಅವತ್ತ ಹೇಳಬೇಕಿತ್ತು, ಹೇಳಲಿಲ್ಲ. ನಾ ನಿನಗ ಘಾತ ಮಾಡೇನಿ."

ಹೊಳೆಯಪ್ಪ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ ನಕ್ಕ. ಅದರಲ್ಲಿ ಸಿಟ್ಟು ಇರಲಿಲ್ಲ.

"ನಿಮ್ಮದು ದೊಡ್ಡ ಮನಸ್ಸು ಮಿಸ್ತ್ರಿ. ನನ್ನ ಸಮಾಧಾನಕ್ಕ ಇಷ್ಟ ದೂರ ಬಂದೀರಿ. ಆದ್ರ ನನಗ ನೆನಪೈತ್ರಿ. ಅವತ್ತ ಕ್ಲಚ್ ಮ್ಯಾಲಿಂದ ನನ್ನ ಎಡಗಾಲು ಜಾರಿತ್ತು. ಚಪ್ಪಲಿಗೆ ಎಣ್ಣಿ ಹತ್ತಿತ್ತು. ಮೊದಮೊದಲ ನೆನಪಿದ್ದಿಲ್ಲ. ನೀವ ಏನೂ ಅನ್ನದ ತುಂಡು ಡ್ರಮ್ಮಿಗೆ ಒಗದ್ರಿ ನೋಡ್ರಿ, ಮಿಸ್ತ್ರಿ ನೋಡಿದ್ದು ಸುಳ್ಳಾಗೂದಿಲ್ಲ, ನಾ ಎಲ್ಲಿ ತಪ್ಪಿದ್ನಿ ಅಂತ ದಿನಾ ವಿಚಾರ ಮಾಡ್ದೆ. ಹಂಗ ಒಂದಿನ ನೆನಪಾತ್ರಿ."

"ಜಾರಿದ್ದಿಲ್ಲೋ ಹೊಳೆಯಪ್ಪ. ಜಾರಿದ್ರ ಹಂಗ ಮುರಿಯೂದಿಲ್ಲ. ನಾ ಕಣ್ಣಾರೆ ನೋಡೇನಿ."

"ಜಾರಿತ್ರಿ," ಎಂದ ಹೊಳೆಯಪ್ಪ, ಚಿಕ್ಕವರಿಗೆ ತಿಳಿಸಿ ಹೇಳುವ ಹಾಗೆ. ಎಡಗಾಲು ಮುಂದೆ ಚಾಚಿ, ಎಲ್ಲಿಂದ ಎಲ್ಲಿಗೆ ಜಾರಿತ್ತೆಂದು ನೆಲದ ಮೇಲೆ ತೋರಿಸಿದ. ಆಮೇಲೆ ಗೋದಾಮಿಗೆ ಹೊತ್ತಾಯಿತೆಂದು ಟೊಪ್ಪಿಗೆ ಇಟ್ಟುಕೊಂಡು, ಮತ್ತೊಮ್ಮೆ ಕೈ ಮುಗಿದು ಹೊರಟುಹೋದ.

ಉಡಚಪ್ಪ ಚಹಾದ ಕಪ್ಪು ಹಿಡಿದು ಕುಂತೇ ಇದ್ದ. ಫಕೀರವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೀನರೆ ತಿಳಿಸಿ ಹೇಳಬೇ ತಂಗಿ," ಎಂದ ಉಡಚಪ್ಪ.

"ನಾ ಹೇಳೂದಿಲ್ರಿ ಅಣ್ಣಾರ," ಎಂದಳು ಫಕೀರವ್ವ. "ಅವ್ರಿಗೆ ಅನ್ನ ನುಂಗಾಕ, ನಿದ್ದಿ ಹತ್ತಾಕ ಎರಡ ವರ್ಷ ಹಿಡೀತು. ಕಾಲು ಜಾರಿದ್ದು ನೆನಪಾದ ಮ್ಯಾಲೆ ಹಗುರಾದ್ರು. ಈಗ ತಪ್ಪ ಅವ್ರದಲ್ಲ ಅಂದ್ರ, ಹಂಗಾದ್ರ ಏಳ ವರ್ಷ ಯಾಕ ಹಾಳಾತು ಅಂತ ಕೇಳ್ತಾರ. ಅದಕ್ಕ ನಾ ಏನ್ ಹೇಳ್ಲಿ? ನೀವ ಏನ್ ಹೇಳ್ತೀರಿ?"

ಅವಳು ಖಾಲಿ ಕಪ್ಪಿಗಾಗಿ ಕೈ ಚಾಚಿದಳು, ಅವನು ಕೊಟ್ಟು ಎದ್ದ.