ಅಣ್ಣನ ಮುಖಕ್ಕೆ ಪೌಡರು

ಸುದ್ದಿ ಚಾನೆಲ್ಲಿನ ಮೇಕಪ್ ಕೋಣೆಯಲ್ಲಿ ಅವಳಿಗೆ ಒಂಬತ್ತು ವರ್ಷದ ಅನುಭವ. ಚುನಾವಣೆಯಲ್ಲಿ ಮಣ್ಣು ಮುಕ್ಕಿದವರು, ಟಿಕೆಟ್ ಸಿಗದೆ ಮುನಿಸಿಕೊಂಡು ಪಕ್ಷ ಬಿಟ್ಟವರು, ಎಲ್ಲರೂ ಅವಳ ಕನ್ನಡಿಯ ಮುಂದೆ ಕೂತೇ ರಾಜಕೀಯ ವಿಶ್ಲೇಷಕರಾದದ್ದು. ಕಾಲರಿಗೆ ಟಿಶ್ಯೂ ಸಿಕ್ಕಿಸಿ ಬೋಳು ನೆತ್ತಿಯ ಹೊಳಪು ತೆಗೆಯುವುದು ಅವಳ ಕೆಲಸ. ನಿನ್ನೆ ಉಂಡ ಮನೆಯ ಜಂತೆ ಇವತ್ತು ಎಣಿಸುವುದು ಅವರ ಕೆಲಸ. ಅವರ ಗೊಡವೆಗೆ ಅವಳು ಹೋದವಳಲ್ಲ.

ಆ ಸಂಜೆ ಬಂದದ್ದು ಮಾತ್ರ ಅಣ್ಣ, ಮೊನ್ನೆಯಷ್ಟೇ ಪಕ್ಷ ಬಿಟ್ಟ ನಾಯಕರು. ಅವಳ ಗಂಡ ಹದಿನೈದು ವರ್ಷ ಅವರ ಪೋಸ್ಟರ್ ಅಂಟಿಸಿದವನು. ಅಣ್ಣ ಕರೆ ಕೊಟ್ಟ ಬಂದ್ ದಿನ ಬಸ್ಸೊಂದು ಸುಟ್ಟುಹೋಗಿ, ಗಂಡ ಮೊದಲನೇ ಆರೋಪಿಯಾಗಿದ್ದ. ಬಸ್ಸು ಉರಿಯುವಾಗ ಅವನು ಪಕ್ಷದ ಕಚೇರಿಯಲ್ಲಿ ಕರಪತ್ರ ಕಟ್ಟುತ್ತಿದ್ದ. ಆಗ ಅವನ ಜೊತೆ ಅಲ್ಲಿದ್ದವರು ಅಣ್ಣ ಒಬ್ಬರೇ. ಸೋಮವಾರ ಕೋರ್ಟಿನಲ್ಲಿ ಗಂಡನ ಪರ ಅವರ ಸಾಕ್ಷಿ.

"ನೀನು ಇಲ್ಲಿದೀಯಾ ತಂಗಿ! ಸೋಮವಾರ ಬಂದೇ ಬರ್ತೀನಿ, ಅವನಿಗೆ ಹೇಳು," ಎಂದರು. ಸಂತೋಷಕ್ಕೆ ಅವಳು ಎರಡೆರಡು ಸಲ ಪೌಡರು ಹಚ್ಚಿದಳು.

ಚರ್ಚೆ ಶುರುವಾಯಿತು. ನಿರೂಪಕ ಹಳೆಯ ಬಸ್ಸಿನ ವಿಷಯ ಕೆದಕಿದ.

"ಈಗ ಮುಚ್ಚುಮರೆ ಯಾಕೆ?" ಅಣ್ಣ ನಕ್ಕರು. "ಸುಟ್ಟಿದ್ದು ನಮ್ಮವರೇ, ಪೋಸ್ಟರ್ ಅಂಟಿಸೋ ಹುಡುಗರು. ನಾನು ಅವತ್ತು ಊರಲ್ಲೇ ಇರ್ಲಿಲ್ಲ."

ಜಾಹೀರಾತು ಬಂದ ತಕ್ಷಣ ಅವಳು ಪೌಡರು ಹಿಡಿದು ಒಳಗೆ ಹೋಗಲೇಬೇಕು. ಹೋದಳು.

"ಅಣ್ಣಾ, ನಮ್ಮನೆಯವರು ಅವತ್ತು ನಿಮ್ ಜೊತೇಲೇ ಇದ್ರಲ್ಲ?"

"ನಾನೀಗ ಪಕ್ಷದವನಲ್ಲಮ್ಮ. ವಿಶ್ಲೇಷಕ ಅಂದ್ಮೇಲೆ ನೇರವಾಗಿ ಮಾತಾಡ್ಬೇಕಲ್ವಾ? ಮೂಗು ಹೊಳೀತಿದೆ, ಸ್ವಲ್ಪ ನೋಡು."

ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ. ಪೌಡರಿನ ಡಬ್ಬಿಯನ್ನು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು. ಆದರೆ ಹೊಟ್ಟೆಪಾಡು, ಮೂಗು ಒರೆಸಿ ಹೊರಬಂದಳು.

ಕಾರಿಡಾರಿನಲ್ಲಿ ಗಂಡನ ಫೋನು ಬಂತು. ಕಾರ್ಯಕರ್ತರಿಗೆ ಒಂದು ಚಾಳಿ: ನಾಯಕ ಮಾತು ತಪ್ಪಿದರೆ ಅದಕ್ಕೆ ತಂತ್ರ ಎಂದು ಹೆಸರಿಡುತ್ತಾರೆ. "ನೋಡಿದ್ಯಾ ಅಣ್ಣನ ತಲೆ! ಎದುರಿನ ವಕೀಲರು ಮೈಮರೀಲಿ ಅಂತ ಟಿವೀಲಿ ಹಾಗಂದಿದ್ದಾರೆ. ಸೋಮವಾರ ಇದೆ ಅವರಿಗೆ!"

"ತಂತ್ರಾನೂ ಇಲ್ಲ, ಮಣ್ಣೂ ಇಲ್ಲ ರೀ. ಅವರು ನಿಮ್ಮನ್ನ ಮಾರಿಬಿಟ್ರು. ಇವತ್ತೇ ವಕೀಲರ ಹತ್ರ ಹೋಗೋಣ. ಆ ದಿನ ಅಣ್ಣ ಕಚೇರೀಲೇ ಇದ್ರು, ಈಗ ಸುಳ್ಳು ಹೇಳ್ತಿದ್ದಾರೆ ಅಂತ ನೀವೇ ಹೇಳ್ಬೇಕು."

ಫೋನಿನ ಆ ಕಡೆ, ಪಕ್ಕದ ಮನೆಯವರ ಟಿವಿಯಲ್ಲೂ ಅಣ್ಣನದೇ ದನಿ ಕೇಳುತ್ತಿತ್ತು.

"ನಾಲ್ಕು ಜನರ ಮುಂದೆ ನಿಂತು," ಎಂದ ಗಂಡ, "ಅಣ್ಣ ಸುಳ್ಳು ಹೇಳ್ತಾರೆ ಅಂತ ನಾನು ಹೇಗೆ ಹೇಳಲೇ?"