ಟ್ರೇಲರಿನ ಅಡಿಯಲ್ಲಿ

ಸಾರಿಗೆಂದು ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆ. ಮೈದುನನ ಫೋನು ಬಂತು. ನಮ್ಮನೆಯವರ ಗಾಡಿಯ ಮುಂದೆ ಬೈಕಿನಲ್ಲಿ ದಾರಿ ಬಿಡಿಸಿಕೊಂಡು ಹೋಗುವವನು ಅವನೇ.

"ಅತ್ಗೆ, ಕ್ಯಾತನಹಳ್ಳಿ ನಾಲೆ ಸೇತುವೆ ಮ್ಯಾಲೆ ಗಾಡಿ ಕೂತ್ಕೊಂಡ್ಬುಡ್ತು. ಅಣ್ಣ ಅಡೀಲವ್ನೆ..."

ಅಷ್ಟಕ್ಕೇ ಕಟ್ಟಾಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ.

ನಮ್ಮನೆಯವರದು ಹಳೇ ಲೋಬೆಡ್ ಟ್ರೇಲರು. ಡೋಜರು, ರೋಡ್ ರೋಲರು, ಕಬ್ಬು ಅರೆಯುವ ಯಂತ್ರ ಎಲ್ಲವನ್ನೂ ನಾಗಮಂಗಲ, ಕೆ.ಆರ್. ಪೇಟೆ ಎಂದು ಹೊತ್ತು ತಿರುಗುತ್ತದೆ. ಅದರ ಹೊಟ್ಟೆ ನೆಲಕ್ಕೆ ಬಲು ಹತ್ತಿರ. ರಸ್ತೆ ಸ್ವಲ್ಪ ಉಬ್ಬಿದ್ದರೂ ತಳ ತಾಗಿ ಕೂತುಬಿಡುತ್ತದೆ. ಆಗ ಕೆಳಗೆ ನುಸುಳಿ ಚಕ್ರದಡಿ ಹಲಗೆ ಕೊಡುವವರು ಇವರೇ. ಮದುವೆಯಾದಾಗಿನಿಂದ ನನಗೆ ಭಯವೆಂದರೆ ಅದೊಂದೇ.

ಕೈ ಕೂಡ ತೊಳೆಯದೆ ಗಂಜಾಂನಿಂದ ಆಟೋ ಹತ್ತಿದೆ, ಆಮೇಲೆ ಪಾಂಡವಪುರದ ಬಸ್ಸು. ನಿಮಿಷಾಂಬೆಗೆ ಹರಕೆ ಹೊರಲೂ ಮಾತು ಬರಲಿಲ್ಲ. ಅವ್ವಾ, ಅವ್ವಾ ಅಂದುಕೊಂಡೆ ಅಷ್ಟೆ. ಯಾರೋ ಹೆಂಗಸು ನನ್ನ ಮುಖ ನೋಡಿ, ಏನೂ ಕೇಳದೆ ಸೀಟು ಬಿಟ್ಟುಕೊಟ್ಟಳು. ಅದೂ ತಾಯಿಯದೇ ಉಪಕಾರ.

ನಾಲೆ ಏರಿಯ ಮೇಲೆ ಜನ ಸೇರಿದ್ದರು. ಡೋಜರು ಹೊತ್ತ ಟ್ರೇಲರು ಸೇತುವೆಯ ಉಬ್ಬಿಗೆ ಹೊಟ್ಟೆಯೂರಿ ನಿಂತಿತ್ತು. ಬಗ್ಗಿ ನೋಡುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಒಗ್ಗರಣೆಯ ವಾಸನೆ ಬಂತು. ಹೊಂಗೆಮರದ ನೆರಳಲ್ಲಿ ಸ್ಟೌ ಹಚ್ಚಿ, ನಮ್ಮನೆಯವರು ಉಪ್ಪಿಟ್ಟು ಕೆದಕುತ್ತಿದ್ದರು. ಕ್ರೇನು ಬರುವವರೆಗೆ ಇನ್ನೇನು ಮಾಡುವುದು ಎಂದು ಕೂತಿದ್ದರಂತೆ.

ಮೈದುನ ಹೇಳಿದ್ದು ಅಡಿಗೇಲವ್ನೆ ಅಂತ. ನಡುವಿನ ಒಂದಕ್ಷರವನ್ನು ಫೋನು ನುಂಗಿತ್ತು.

ಹಾಗೇ ನೆಲಕ್ಕೆ ಕೂತೆ. ಅವರು ನನ್ನ ಕೈ ನೋಡಿದರು. ಬೆರಳಿಗೆ ಅವರೆ ಸಿಪ್ಪೆ ಒಣಗಿ ಅಂಟಿತ್ತು.

"ಇದ್ಯಾಕಮ್ಮಿ ಇಂಗ್ ಬಂದ್ಬುಟ್ಟೆ?"

"ನೀವು ಅಡೀಲಿದ್ದೀರಿ ಅಂತ ಕೇಳುಸ್ತು."

ಗಂಡನ ಕೈಯಡಿಗೆ ಉಣ್ಣಕ್ಕೆ ಎಲ್ಲಿಂದ್ಲೋ ಬಂದವ್ಳೆ ಎಂದು ಹಸು ಹಿಡಿದು ನಿಂತಿದ್ದ ಅಜ್ಜಿ ನಗಾಡಿತು. ಅವರು ನಗಲಿಲ್ಲ. ತಟ್ಟೆಗೆ ಹಾಕಿಕೊಟ್ಟು, "ತಿನ್ನು. ಉಪ್ಪು ಜಾಸ್ತಿ ಆಗೈತೆ, ಬಯ್ಯಬ್ಯಾಡ" ಅಂದರು.

ಉಪ್ಪು ಜಾಸ್ತಿಯೇ ಆಗಿತ್ತು. ತಿಂದೆ.

ಸಂತೋಷವಾಗಬೇಕಿತ್ತು, ಬರೀ ಸುಸ್ತಾಯಿತು. ಆಮೇಲೆ ಕ್ರೇನು ಬಂದು ಗಾಡಿ ಎತ್ತಿ ಹಿಡಿದಾಗ, ಹಲಗೆ ಕೊಡಲು ಅವರು ಕೆಳಗೆ ನುಸುಳಲೇಬೇಕಾಯಿತು. ಇಷ್ಟು ವರ್ಷ ಮನೆಯಲ್ಲಿ ಕೂತು ಊಹಿಸಿಕೊಂಡದ್ದನ್ನು ಅವತ್ತು ಕಣ್ಣಾರೆ ಕಂಡೆ. ಎರಡು ಪಾದ ಮಾತ್ರ ಹೊರಗಿದ್ದವು. ಅವು ಅಲುಗಿದಾಗೆಲ್ಲ ಉಸಿರು ಬಿಟ್ಟೆ. ಬೆನ್ನಿಗೆಲ್ಲ ಮಣ್ಣು ಮೆತ್ತಿಕೊಂಡು ಎದ್ದು ಬಂದರು. ಬಂದವರೇ, ನಾಳೆ ನಾಗಮಂಗಲಕ್ಕೆ ಲೋಡಿದೆ ಎಂದು ಮೈದುನನಿಗೆ ಹೇಳಿದರು.

ಮನೆಗೆ ಬಂದು, ಹಿತುಕಿಟ್ಟಿದ್ದ ಬೇಳೆಯ ಪಾತ್ರೆಯ ಮುಚ್ಚಳ ತೆಗೆದು ಮೂಸಿದೆ. ಹಳಸಿರಲಿಲ್ಲ. ಅದೂ ಪುಣ್ಯವೇ. ಕೈ ತೊಳೆದುಕೊಂಡು ಉಳಿದ ಕಾಳು ಹಿತುಕಲು ಕೂತೆ.