ಎಡಮೂಲೆಯ ಕಪ್ಪು

ಮೊಬೈಲಿನಲ್ಲಿ ಇಂಟರ್ನೆಟ್ ನೀರಿನ ಹಾಗೆ ಸಿಗತೊಡಗಿದ ಹೊಸತು. ಓದು ಬರಹ ಬಂದ ಮಕ್ಕಳಿಗೆಲ್ಲ ತಮ್ಮದೊಂದು ಚಾನೆಲ್ ಇರಲೇಬೇಕು ಅನ್ನಿಸಿದ ಕಾಲ ಅದು. ನನ್ನ ವಯಸ್ಸಿನವರಿಗೆ ನೆನಪಿರಬಹುದು. ಕಂಕನಾಡಿಯಲ್ಲಿ ನಾವಿದ್ದ ಮೂರು ಮಾಳಿಗೆಯ ಬಿಲ್ಡಿಂಗಿನಲ್ಲೇ ಮೂರು ಚಾನೆಲ್‌ಗಳಿದ್ದವು. ಒಂದರಲ್ಲಿ ಕಾಗದದ ಹೂ ಮಾಡುವುದನ್ನು ತೋರಿಸುತ್ತಿದ್ದರು, ಇನ್ನೊಂದರಲ್ಲಿ ಗಾಜಿನ ತೊಟ್ಟಿಯ ಮೀನು. ಮೂರನೆಯದು ನಮ್ಮದು, ನನ್ನದು ಮತ್ತು ನನ್ನ ಅಣ್ಣ ನಿಖಿಲನದು.

ಆ ಎಪ್ರಿಲ್‌ನಲ್ಲಿ ನನಗೆ ಹನ್ನೆರಡು, ಅಣ್ಣನಿಗೆ ಹದಿನೈದು. ಪಪ್ಪ ಮಸ್ಕತ್‌ನಲ್ಲಿದ್ದರು. ಹಿಂದಿನ ರಜೆಗೆ ಬಂದಾಗ ಅಣ್ಣನ ಓದಿಗೆಂದು ಒಂದು ಕಂಪ್ಯೂಟರ್ ತೆಗೆಸಿಕೊಟ್ಟು ಹೋಗಿದ್ದರು. ಅಮ್ಮ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಒಗ್ಗರಣೆ ಹಾಕಿದ ಬಜಿಲ್, ಅಂದರೆ ಅವಲಕ್ಕಿ, ಮುಚ್ಚಿಟ್ಟು ಒಂಬತ್ತಕ್ಕೆ ಹೊರಟರೆ ಮತ್ತೆ ಸಂಜೆಯೇ ಬರುವುದು. ಅಲ್ಲಿಯವರೆಗೆ ಕಂಪ್ಯೂಟರಿದ್ದ ಕೋಣೆ ನಮ್ಮ ರಾಜ್ಯ.

ಆಡುತ್ತಿದ್ದವಳು ನಾನು. ಕಾರ್ ರೇಸಿನ ಆಟ. ಬೆರಳು ನನ್ನದು ಬೇಗ ಓಡುತ್ತಿತ್ತು, ಅಣ್ಣನದು ಓಡುತ್ತಿರಲಿಲ್ಲ. ಅವನಿಗೆ ಗೆಲ್ಲುವುದು ಬೇಕಾಗಿರಲೂ ಇಲ್ಲ, ಚಂದ ಕಾಣಬೇಕಿತ್ತು. ನಾನು ಆಡಿದ್ದನ್ನು ರೆಕಾರ್ಡ್ ಮಾಡಿ, ಬೇಡದ್ದನ್ನು ಕತ್ತರಿಸಿ, ಬಣ್ಣ ಸರಿ ಮಾಡಿ ಹಾಕುವುದು ಅವನ ಕೆಲಸ. ಚಾನೆಲಿಗೆ ಅವನಿಟ್ಟ ಹೆಸರು ಬಾಲೆ. ಮನೆಯಲ್ಲಿ ನಾವು ಮಾತಾಡುವುದು ತುಳು; ಅದರಲ್ಲಿ ಬಾಲೆ ಅಂದರೆ ಮಗು. ಅವನು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

ರೆಕಾರ್ಡಿಂಗ್ ಇರುವಾಗ ಫ್ಯಾನ್ ಹಾಕುವ ಹಾಗಿರಲಿಲ್ಲ, ಮೈಕಿನಲ್ಲಿ ಸದ್ದು ಬರುತ್ತಿತ್ತು. ಮಂಗಳೂರಿನ ಎಪ್ರಿಲ್ ಸೆಕೆ, ಕಿಟಕಿ ಬಂದ್, ಬಿಸಿಯಾದ ಕಂಪ್ಯೂಟರಿನಿಂದ ಸುಟ್ಟ ಧೂಳಿನ ವಾಸನೆ. ಗಲ್ಲದಿಂದ ಬೆವರು ಕೀಬೋರ್ಡಿನ ಮೇಲೆ ಇಳಿಯುತ್ತಿತ್ತು. ಅಷ್ಟು ಮಾಡಿದರೂ ಜಂಕ್ಷನ್ನಿನ ಕಡೆಯಿಂದ ರೈಲಿನ ಸೀಟಿ ನುಗ್ಗಿ ಬರುತ್ತಿತ್ತು. ಒಮ್ಮೆ ಕೊನೆಯ ತಿರುವಿನಲ್ಲಿ ನಾನು ಎಲ್ಲರನ್ನೂ ಹಿಂದೆ ಹಾಕುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಮೀನು ಮಾರುವ ಬಾಯಮ್ಮ, "ಬೂತಾಯಿ ಉಂಟು, ಬೇಕಾ?" ಎಂದು ಕೂಗಿದ್ದಳು. ಅಣ್ಣ ಅದನ್ನು ಕತ್ತರಿಸಲು ಮಧ್ಯಾಹ್ನವಿಡೀ ಕೂತಿದ್ದ.

"ಹೇಗೆ ಕಾಣ್ತದೆ?" ಎಂದು ಪ್ರತಿ ಸಲವೂ ನನ್ನನ್ನು ಕೇಳುತ್ತಿದ್ದ. ಅವನಿಗೆ ಮೊದಲೇ ದಪ್ಪ ಕನ್ನಡಕ. ಸೆಕೆಂಡಿಗೆ ಅರವತ್ತು ಚಿತ್ರ ಬೇಕು, ಮಳೆಯ ಹನಿ ಹನಿಯಾಗಿಯೇ ಕಾಣಬೇಕು, ರಸ್ತೆಯ ಬಿಳಿಗೆರೆಯ ಅಂಚು ಒಡೆಯಬಾರದು. ಹಾಗೆ ಮಾಡಿದರೆ ಒಂದೊಂದು ರೇಸೂ ದೊಡ್ಡ ದೊಡ್ಡ ಫೈಲ್ ಆಗುತ್ತಿತ್ತು. ವಿಷುವಿನ ಮರುದಿನ ಡಿಸ್ಕ್ ತುಂಬಿತು.

ಹಿಂದಿನ ವಾರ ನಾನು ಹನ್ನೊಂದು ಸಲ ಸೋತು ಹನ್ನೆರಡನೆಯ ಸಲ ಗೆದ್ದ ಒಂದು ರೇಸ್ ಇತ್ತು. ಮಿಂದು ಬಂದು ಅದನ್ನು ನೋಡುವ ಎಂದು ಹುಡುಕಿದೆ. ಇರಲಿಲ್ಲ.

"ಡಿಲೀಟ್ ಮಾಡಿದೆ," ಎಂದ ಅಣ್ಣ, ನನ್ನತ್ತ ತಿರುಗದೆ. "ಜಾಗ ಇರ್ಲಿಲ್ಲ."

"ನನ್ನದನ್ನಾ?"

"ಅದರಲ್ಲಿ ಕ್ವಾಲಿಟಿ ಇರ್ಲಿಲ್ಲ ಮಾರಾಯ್ತಿ. ಹಳೇ ಸೆಟ್ಟಿಂಗ್. ಇನ್ನೊಮ್ಮೆ ಆಡು, ಎಂತ ಆಗ್ತದೆ?"

ಹಾಗೆ ಹೇಳುತ್ತಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬೆವರು ಒರೆಸತೊಡಗಿದ. ಮೇಜಿನ ಮೇಲೆ ಮೊಬೈಲ್ ಚಾರ್ಜರಿನ ತಲೆ ಇತ್ತು, ಕಪ್ಪು, ಮುಷ್ಟಿಯಷ್ಟು ದೊಡ್ಡದು. ಅದನ್ನು ಎತ್ತಿಕೊಂಡದ್ದು ನನಗೆ ನೆನಪಿಲ್ಲ. ಬಿಸಾಡಿದ್ದು ನೆನಪಿದೆ. ಅದು ಅವನ ಬಲಗಣ್ಣಿಗೆ ತಾಗಿದ ಸದ್ದು ನೆನಪಿದೆ, ಹಸಿ ಮಾವಿನಕಾಯಿ ಮಣ್ಣಿಗೆ ಬಿದ್ದಂಥ ಸದ್ದು. ಅಣ್ಣ ಕೂಗಲಿಲ್ಲ. ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡು ಮಂಚದ ಮೇಲೆ ಕುಳಿತ.

ನಾನು ಅಳುತ್ತಿದ್ದೆ. ಅವನೇ ಸಮಾಧಾನ ಮಾಡಿದ. "ಅಳ್ಬೇಡ ಬಾಲೆ. ಅಮ್ಮ ಕೇಳಿದ್ರೆ ಬಚ್ಚಲಲ್ಲಿ ಜಾರಿದೆ, ನಲ್ಲಿ ತಾಗಿತು ಅಂತ ಹೇಳ್ತೇನೆ. ನೀನು ಎಂತದೂ ಹೇಳ್ಬೇಡ."

ಅಮ್ಮ ನಂಬಿದಳು. ಎದುರಿನ ಮೆಡಿಕಲ್‌ನಿಂದ ಹನಿ ತಂದು ಹಾಕಿದಳು. ನಾಲ್ಕು ದಿನ ಕಣ್ಣಿನ ಬಿಳಿ ಕೆಂಪಗಿತ್ತು, ಸುತ್ತ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ವಾರದಲ್ಲಿ ಎಲ್ಲ ಇಳಿಯಿತು. ನಾನು ಮತ್ತೆ ಆಡತೊಡಗಿದೆ. ಆ ಚಾರ್ಜರನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಮೇ ತಿಂಗಳ ಮೊದಲಲ್ಲಿ ಅಣ್ಣ ಪರದೆ ಒರೆಸತೊಡಗಿದ. ಮೊದಲು ಬಟ್ಟೆಯಲ್ಲಿ, ಮತ್ತೆ ಹತ್ತಿಯಲ್ಲಿ.

"ಧೂಳು ಹೋಗುದೇ ಇಲ್ಲ," ಎಂದ. "ಕಪ್ಪು ನೂಲಿನ ಹಾಗೆ ಉಂಟು, ನೋಡು."

"ಎಂತದೂ ಇಲ್ಲ ಅಣ್ಣ."

ನೂಲು ಅವನು ನೋಡಿದ ಕಡೆಗೆಲ್ಲ ಹೋಗುತ್ತಿತ್ತಂತೆ. ಅದನ್ನು ಅವನು ನಗುತ್ತಲೇ ಹೇಳಿದ್ದ. ಮತ್ತೊಂದು ದಿನ ಹಾಡುಹಗಲಲ್ಲಿ, "ಈಗ ಕರೆಂಟ್ ಹೋಗಿ ಬಂತಾ?" ಎಂದು ಕೇಳಿದ. ಹೋಗಿರಲಿಲ್ಲ. "ಮಿಂಚಿದ ಹಾಗಾಯ್ತು," ಎಂದು ಕಿಟಕಿಯಾಚೆ ನೋಡಿದ. ಹೊರಗೆ ಬಿಳಿ ಬಿಸಿಲು, ಒಂದು ತುಂಡು ಮೋಡವೂ ಇರಲಿಲ್ಲ.

ಆಮೇಲೆ ಬಂದದ್ದು ಕಪ್ಪು. ನಾನು ಆಡಿದ ಒಂದು ರೇಸನ್ನು ಎಡಿಟ್ ಮಾಡುತ್ತಿದ್ದವನು ನಿಲ್ಲಿಸಿ, ಮೇಲೆ ಎಡಮೂಲೆಯಲ್ಲಿ ನೆರಳು ಬಿದ್ದಿದೆ ಎಂದ. ರೆಕಾರ್ಡಿಂಗಿನದೇ ದೋಷ ಎಂದು ಸೆಟ್ಟಿಂಗ್ ಬದಲಿಸಿದ. ಪುನಃ ಆಡಿಸಿದ. ಪುನಃ ನೆರಳು. ಕೇಬಲ್ ಕಳಚಿ ಊದಿ ಸಿಕ್ಕಿಸಿದ. ಪರದೆಯ ಫೋಟೋ ತೆಗೆದು ಕ್ಲಾಸಿನ ಗೆಳೆಯನಿಗೆ ಕಳಿಸಿದ. ಮಸ್ತ್ ಕ್ಲಿಯರ್ ಉಂಟು ಎಂದು ಉತ್ತರ ಬಂತು. ಆ ವಾರ ಹಾಕಿದ ವಿಡಿಯೋದ ಕೆಳಗೆ ಯಾರೋ ಗುರುತಿಲ್ಲದವರು, ಇಷ್ಟು ಚಂದದ ಪಿಕ್ಚರ್ ಹೇಗೆ ಮಾಡ್ತೀರಿ, ನಮಗೂ ಹೇಳಿಕೊಡಿ ಎಂದು ಬರೆದಿದ್ದರು. ನಾನು ಕುಣಿದಾಡಿದೆ. ಅಣ್ಣ ಆ ಸಾಲನ್ನು ಎರಡು ಮೂರು ಸಲ ಓದಿ, ಮತ್ತೆ ಪರದೆಯ ಎಡಮೂಲೆ ನೋಡತೊಡಗಿದ.

ಗೊತ್ತಾದದ್ದು ಮರುದಿನ ಬೆಳಿಗ್ಗೆ. ನಾನು ಆಡುತ್ತಿದ್ದೆ. ಪಕ್ಕದಲ್ಲಿ ಅಣ್ಣ ಎಡಗೈಗೆ ಕೆನ್ನೆ ಊರಿ ನೋಡುತ್ತಿದ್ದ. ಅಂಗೈ ಮೇಲೆ ಸರಿದು ಎಡಗಣ್ಣು ಮುಚ್ಚಿರಬೇಕು. ಅವನು ಸಟಕ್ಕನೆ ನೆಟ್ಟಗೆ ಕುಳಿತ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದ, ತೆಗೆದ, ಮುಚ್ಚಿದ.

"ಎಂತ ಅಣ್ಣ?"

"ನಿನ್ನ ತಲೆ ಕಾಣುದಿಲ್ಲ," ಎಂದ. ನಾನು ಅವನ ಎಡಕ್ಕೆ ಕೂತಿದ್ದೆ. "ಪರದೆ ಅರ್ಧ ಉಂಟು. ಮೇಲಿಂದ ಎಂತದೋ ಇಳಿದಿದೆ."

ಆಟದೊಳಗೆ ನನ್ನ ಕಾರು ಗೋಡೆಗೆ ಗುದ್ದಿ ನಿಂತಿತ್ತು. "ಅಮ್ಮನಿಗೆ ಹೇಳುವ," ಎಂದೆ.

"ಬೇಡ." ಅವನ ಸ್ವರ ಕೀಚಲಾಯಿತು. "ಹೇಳಿದ್ರೆ ಮೊದಲು ಈ ಕಂಪ್ಯೂಟರ್ ಹೋಗ್ತದೆ. ಮತ್ತೆ ಡಾಕ್ಟ್ರು ಕೇಳ್ತಾರೆ, ಪೆಟ್ಟು ಹೇಗೆ ಬಿತ್ತು ಅಂತ. ನಿನ್ನ ಹೆಸರು ಬರ್ತದೆ ಬಾಲೆ. ಪಪ್ಪನಿಗೆ ಗೊತ್ತಾದ್ರೆ ಎಂತ ಆಗ್ತದೆ, ಗೊತ್ತುಂಟಲ್ಲ? ಸ್ವಲ್ಪ ದಿನ ನೋಡುವ. ಕೆಂಪು ಹೋದ ಹಾಗೆ ಇದೂ ಹೋಗ್ತದೆ."

ಅವನು ನನ್ನ ಹೆಸರು ಎತ್ತದಿದ್ದರೆ ನಾನು ಅವತ್ತೇ ಹೇಳುತ್ತಿದ್ದೆನೋ ಏನೋ. ಎತ್ತಿದ. ನಾನು ಹೇಳಲಿಲ್ಲ.

ಮೂರು ವಾರ. ಆ ಮೂರು ವಾರಗಳಲ್ಲಿ ನಾವು ಐದು ವಿಡಿಯೋ ಮಾಡಿದೆವು. ಅಣ್ಣ ಬಲಗಣ್ಣು ಕಿರಿದು ಮಾಡಿ ಕೂರುತ್ತಿದ್ದ. ಎಲ್ಲಿ ಕತ್ತರಿಸಬೇಕು, ಆಕಾಶದ ಬಣ್ಣ ಹೆಚ್ಚಾಯಿತೋ ಕಮ್ಮಿಯಾಯಿತೋ, ನಾನು ಹೇಳುತ್ತಿದ್ದೆ. "ಈಗ ಹೇಗೆ ಕಾಣ್ತದೆ?" ಎಂದು ಅವನು ಕೇಳುವುದು ಹೆಚ್ಚಾಯಿತು. ಅಮ್ಮ ಮನೆಯಲ್ಲಿದ್ದಾಗ ಇಬ್ಬರೂ ಬೇಕೆಂದೇ ಜೋರಾಗಿ ನಗುತ್ತಿದ್ದೆವು. ಅವಳು ಹಲಸಿನ ಹಪ್ಪಳ ಕಾಯಿಸಿ ಕೊಟ್ಟರೆ ಅಣ್ಣ ತಟ್ಟೆಯ ಅಂಚನ್ನು ಮೊದಲು ಬೆರಳಿನಿಂದ ಮುಟ್ಟಿ ಆಮೇಲೆ ತೆಗೆದುಕೊಳ್ಳುತ್ತಿದ್ದ. ಅದನ್ನು ನಾನೊಬ್ಬಳೇ ನೋಡುತ್ತಿದ್ದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ, "ಹೋಯ್ತಾ?" ಎಂದು ಕೇಳುತ್ತಿದ್ದೆ. ಅವನು ಎಡಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಮೊದಮೊದಲು ಕೆಳಗಿನ ಸಾಲಿನ ತಾರೀಕುಗಳನ್ನು ಓದುತ್ತಿದ್ದ. ಮತ್ತೆ ಸಾಲು ಡೊಂಕಾಗಿದೆ ಎಂದ. ಮತ್ತೆ ಕ್ಯಾಲೆಂಡರ್ ಎಲ್ಲುಂಟು ಎಂದ.

ಜೂನ್ ಬಂತು. ಮಳೆ ಹಿಡಿಯಿತು, ಶಾಲೆ ಶುರುವಾಯಿತು. ಒಂದು ಭಾನುವಾರ ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ತೆಳಿ ಬಸಿದು ಇಟ್ಟಿದ್ದ ಅಮ್ಮ, ಅದನ್ನು ಲೋಟಕ್ಕೆ ಹಾಕಿಕೊಳ್ಳಲು ಅಣ್ಣನಿಗೆ ಹೇಳಿದಳು. ಅವನು ಲೋಟ ಇಟ್ಟು, ಪಾತ್ರೆ ಬಗ್ಗಿಸಿ, ನಿಧಾನವಾಗಿ ಹೊಯ್ದ. ಲೋಟಕ್ಕಲ್ಲ, ಅದರ ಪಕ್ಕಕ್ಕೆ. ಹಬೆಯಾಡುವ ತೆಳಿ ಕಟ್ಟೆಯಿಂದ ಅವನ ಪಾದದ ಮೇಲೆ ಸುರಿಯಿತು.

"ಎಂತ ಮಾರಾಯ, ಕಣ್ಣು ಕಾಣುದಿಲ್ವಾ ನಿಂಗೆ?" ಎಂದು ಅಮ್ಮ ಓಡಿ ಬಂದಳು.

ಅವನು ತುಟಿ ಕಚ್ಚಿ ನಿಂತಿದ್ದ. ನಾನು ಬಾಗಿಲಲ್ಲಿದ್ದೆ. "ಇಲ್ಲ ಅಮ್ಮ," ಎಂದೆ. "ಅವನಿಗೆ ಒಂದು ಕಣ್ಣು ಕಾಣುದಿಲ್ಲ."

ಅಮ್ಮ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಸೆರಗಿನಿಂದ ಅವನ ಎಡಗಣ್ಣು ಮುಚ್ಚಿ, ಮುಖದ ಮುಂದೆ ಬೆರಳು ಹಿಡಿದು, "ಎಷ್ಟು?" ಎಂದು ಕೇಳಿದಳು. ಅವನು ಊಹಿಸಿದ. ತಪ್ಪಾಗಿತ್ತು.

ಕಣ್ಣಿನ ಡಾಕ್ಟರು ದೀಪ ಬಿಟ್ಟು ತುಂಬಾ ಹೊತ್ತು ನೋಡಿದರು. ವಯಸ್ಸಾದವರು, ಮಾತು ಕಡಿಮೆ. ಕಣ್ಣಿನ ಹಿಂದಿನ ಪರದೆ ಕಿತ್ತು ಬಂದಿದೆ ಎಂದರು. "ಪೆಟ್ಟು ಬಿದ್ದಿತ್ತಾ?"

"ಬಚ್ಚಲಲ್ಲಿ ಜಾರಿದ್ದು," ಎಂದ ಅಣ್ಣ. ನನ್ನತ್ತ ನೋಡಲಿಲ್ಲ.

"ನೆರಳು ಯಾವಾಗ ಶುರುವಾಯ್ತು?"

"ಒಂದು ತಿಂಗಳಾಯ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಆಗಲೇ ಬರಬೇಕಿತ್ತಲ್ಲ ಅಮ್ಮ," ಎಂದರು, ನನ್ನ ಅಮ್ಮನಿಗೆ. "ನಡುಭಾಗ ಕೀಳುವ ಮೊದಲು ಬಂದಿದ್ರೆ ಹೆಚ್ಚಿನದ್ದು ಉಳಿಸ್ಬಹುದಿತ್ತು. ಈಗ ಆಪರೇಷನ್ ಮಾಡುವ. ಎಷ್ಟು ಬರ್ತದೆ ಅಂತ ನಾನು ಮಾತು ಕೊಡುದಿಲ್ಲ."

ಆಪರೇಷನ್ ಆಯಿತು. ಕಣ್ಣೊಳಗೆ ಎಣ್ಣೆಯಂಥದ್ದು ತುಂಬಿಸಿ, ವಾರವಿಡೀ ಮುಖ ಕೆಳಗೆ ಮಾಡಿಯೇ ಮಲಗಬೇಕು ಎಂದರು. ಅಣ್ಣ ಎರಡು ದಿಂಬಿನ ನಡುವೆ ಮೂಗು ಇಟ್ಟು ನೆಲ ನೋಡುತ್ತಾ ಮಲಗಿದ. ಹೊರಗೆ ಒಂದೇ ಸಮನೆ ಮಳೆ. ಕಂಪ್ಯೂಟರಿಗೆ ಅಮ್ಮ ಹಳೆಯ ಬೆಡ್‌ಶೀಟ್ ಹೊದೆಸಿದ್ದಳು. ಪಪ್ಪ ದಿನಾ ಫೋನ್ ಮಾಡುತ್ತಿದ್ದರು. "ಬಚ್ಚಲಿನ ಟೈಲ್ಸ್ ತೆಗೆಸಿ ಬಿಡುವ, ನಾನೇ ತಪ್ಪು ಮಾಡಿದೆ, ನುಣುಪಿನದ್ದು ಹಾಕಿಸಬಾರದಿತ್ತು," ಎನ್ನುತ್ತಿದ್ದರು.

ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಬಂಗುಡೆ ಕತ್ತರಿಸುತ್ತಿದ್ದಳು. ನಾನು ನಿಂತಲ್ಲಿಂದಲೇ ಎಲ್ಲ ಹೇಳಿದೆ. ಚಾರ್ಜರ್, ಸದ್ದು, ಮೂರು ವಾರ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದರೆ ಸಾಕು ಎಂದೂ ಅನ್ನಿಸಿತ್ತು. ಅಮ್ಮ ಕೈಯಲ್ಲಿದ್ದ ಮೀನನ್ನು ಹಾಗೆಯೇ ಹಿಡಿದುಕೊಂಡು ಕುಳಿತಳು. ಅದರ ರಕ್ತ ಮೊಣಕೈವರೆಗೆ ಇಳಿಯಿತು.

"ಪಪ್ಪನಿಗೆ ಹೇಳ್ಬೇಡ," ಎಂದಳು ಕೊನೆಗೆ. "ಯಾರಿಗೂ ಹೇಳ್ಬೇಡ. ಹೋಗು, ಅವನ ಹತ್ತಿರ ಕೂತ್ಕೋ."

ಕೂತೆ. ಅಮ್ಮ ಅದರ ಬಗ್ಗೆ ಮತ್ತೆಂದೂ ಮಾತಾಡಲಿಲ್ಲ. ಬಚ್ಚಲಿನ ಟೈಲ್ಸ್ ಬದಲಾಯಿತು. ಪಪ್ಪ ಈಗ ಊರಿಗೇ ಬಂದು ನೆಲೆಸಿದ್ದಾರೆ. ಇವತ್ತಿಗೂ ಮನೆಗೆ ಬಂದವರಿಗೆಲ್ಲ, ಬಚ್ಚಲಲ್ಲಿ ಜಾಗ್ರತೆ ಎನ್ನುತ್ತಾರೆ.

ಅಣ್ಣನ ಬಲಗಣ್ಣಿಗೆ ಬೆಳಕು ಕತ್ತಲೆ ಗೊತ್ತಾಗುತ್ತದೆ, ಹತ್ತಿರ ಕೈ ಆಡಿಸಿದರೆ ಗೊತ್ತಾಗುತ್ತದೆ. ಅಷ್ಟೇ. ಅವನು ಓದಿದ. ಪಣಂಬೂರಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ನಗುತ್ತಾನೆ, ತಮಾಷೆ ಮಾಡುತ್ತಾನೆ. ಚಾನೆಲನ್ನು ಇಬ್ಬರೂ ತೆರೆಯಲಿಲ್ಲ, ಅಳಿಸಲೂ ಇಲ್ಲ. ಹೊಸ ಅಂಗಿ ಹಾಕಿಕೊಂಡರೂ, ಮದುವೆಗೆಂದು ಹುಡುಗಿಯ ಫೋಟೋ ಬಂದರೂ, ಹೇಗೆ ಕಾಣ್ತದೆ ಎಂದು ಅವನು ನನ್ನನ್ನು ಕೇಳುವುದಿಲ್ಲ. ಆ ಬೇಸಿಗೆಯಲ್ಲಿ ಕೇಳಿದ್ದೇ ಕೊನೆ.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ಅವನ ಆಫೀಸಿನ ಕಡೆ ಹೋದವಳು ಅವನೊಡನೆ ಪಣಂಬೂರು ಬೀಚಿಗೆ ಹೋದೆ. ಚುರುಮುರಿ ಕೊಂಡು, ದೂರದಲ್ಲಿ ಸಾಲಾಗಿ ನಿಂತ ಹಡಗುಗಳನ್ನು ನೋಡುತ್ತಾ ನಡೆದೆವು. ಅವನ ಜೊತೆ ನಡೆಯುವಾಗ ನಾನು ಯಾವಾಗಲೂ ಎಡಕ್ಕಿರುತ್ತೇನೆ. ಅವತ್ತು ಚಪ್ಪಲಿಗೆ ಸೇರಿದ ಮರಳು ಕೊಡವಲು ಒಂದು ಗಳಿಗೆ ಹಿಂದುಳಿದೆ. ಮತ್ತೆ ಬಂದು ಸೇರಿಕೊಂಡಾಗ ಬಲಗಡೆ ಇದ್ದೆ. ಅಲೆಯ ಸದ್ದಿನಲ್ಲಿ ಅವನಿಗೆ ನನ್ನ ಹೆಜ್ಜೆ ಕೇಳಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಆ ಮುಖವನ್ನು ಆ ಕಡೆಯಿಂದ ನೋಡಿದೆ. ಕಣ್ಣು ಸ್ವಲ್ಪ ಒಳಗೆ ಸರಿದಿತ್ತು. ಯಾರೂ ನೋಡುತ್ತಿಲ್ಲ ಎಂದುಕೊಂಡ ಮುಖ. ಅದರಲ್ಲಿ ನಗು ಇರಲಿಲ್ಲ, ನಾನು ಕಂಡೇ ಇರದ ಒಂದು ದಣಿವಿತ್ತು. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಕೂಗಬೇಕಿತ್ತು. ಕೂಗಲಿಲ್ಲ.

ಅವನು ನಿಂತ. ಎಡಕ್ಕೆ ನೋಡಿದ, ಹಿಂದೆ ನೋಡಿದ. "ಬಾಲೆ? ಎಲ್ಲಿದ್ದಿ ಮಾರಾಯ್ತಿ?"

ನಾನು ಅವನಿಂದ ಒಂದು ಮೊಳ ದೂರದಲ್ಲಿದ್ದೆ.

"ಇಲ್ಲೇ ಇದ್ದೇನೆ ಅಣ್ಣ," ಎಂದೆ. ಅವನು ನನ್ನನ್ನು ಕಾಣಲು ಇಡೀ ಮೈಯನ್ನು ತಿರುಗಿಸಿದ. ತಿರುಗುವಷ್ಟರಲ್ಲಿ ನಗು ತಂದುಕೊಂಡಿದ್ದ.